ಕಡ್ಡಿ ಇಲ್ಲದ ಗಾಡಿ

ಬಾನೆಟ್ಟು ಎತ್ತಿ ಹುಡುಕಿದೆ.
ಇಂಜಿನ್ನಿಗೊಂದು ಹಳದಿ ಹಿಡಿಯ ಕಡ್ಡಿ ಇತ್ತು,
ಗೇರಿಗೆ ಇರಲಿಲ್ಲ.
ಹುಬ್ಬಳ್ಳಿ ಶೋರೂಮಿನ ಹುಡುಗ ಫೋನಿನಲ್ಲಿ ಅಂದ:
"ಮೇಡಂ, ಅದು ಸೀಲ್ಡು. ಲೈಫ್‌ಟೈಮ್ ಆಯಿಲ್. ಮುಟ್ಟೋದ ಬ್ಯಾಡ."
ಗೈಬುಸಾಬ ಕೇಳಿ, ಬಾಯೊಳಗಿನ ಅಡಿಕೆ ಆ ದವಡೆಗೆ ಸರಿಸಿ,
"ಲೈಫ್ ಅಂದ್ರ ಯಾರದ್ರೀ?
ಗಾಡೀದೋ, ಆಯಿಲಿಂದೋ, ನಿಮ್ದೋ?"

ನನ್ನ ಎಡಗಾಲು ಎರಡನೆಯ ವರ್ಷಕ್ಕೇ ಬೆಳೆಯುವುದು ಬಿಟ್ಟಿತು.
ಕ್ಲಚ್ಚು ತುಳಿಯುವ ಕಾಲಲ್ಲ ಅದು.
ಅದಕ್ಕೇ ಈ ಆಟೋಮ್ಯಾಟಿಕ್ಕು, ಯಾರೋ ಓಡಿಸಿ ಬಿಟ್ಟದ್ದು.
ಗುಳೇದಗುಡ್ಡ, ಕೆರೂರು, ಬಾದಾಮಿ,
ಪಾಲಿಸಿ ಕಂತು ಕೇಳಿಕೊಂಡು ಹನ್ನೊಂದು ವರ್ಷ.
ಈಗೀಗ ಎರಡರಿಂದ ಮೂರಕ್ಕೆ ಏರುವಾಗ
ತಡವರಿಸುತ್ತದೆ, ಆಮೇಲೆ ಗುದ್ದುತ್ತದೆ,
ಕತ್ತಲಲ್ಲಿ ಹೊಸ್ತಿಲು ಎಡವಿದವರ ಹಾಗೆ.
ಎಡವುವುದು ನನಗೆ ಗೊತ್ತು. ಬೇಗ ಗುರುತು ಸಿಕ್ಕಿತು.

"ಬಿಟ್ಟು ಹೋಗ್ರಿ. ನಾಳೆ ನಸುಕಿನ್ಯಾಗ ಐದಕ್ಕ ಬರ್ರಿ."
ಐದಕ್ಕೇ ಯಾಕೆ?
"ಆಯಿಲ್ ನಲವತ್ತು ಡಿಗ್ರಿ ಇದ್ದಾಗಷ್ಟ ಅದರ ಅಳತಿ ಖರೆ.
ಮೇ ತಿಂಗಳು, ಬಾಗಲಕೋಟಿ,
ಈಗ ಗಾಳೀನ ನಲವತ್ತೆರಡೈತಿ.
ನಿಂತ ಗಾಡಿಗೂ ಜ್ವರ."

ನಸುಕು. ನವನಗರದ ನಾಯಿಗಳು
ಇನ್ನೂ ತಣ್ಣನೆಯ ಫರಸಿಗೆ ಹೊಟ್ಟೆ ಹಚ್ಚಿ ಮಲಗಿದ್ದವು.
ಗುಂಡಿಯ ಮೇಲೆ ಗಾಡಿ.
ಅವನ ಸೊಸೆ ಜೈತೂನ ಗೌಂಡಿಗಳ ರಸಮಟ್ಟ ಇಟ್ಟು
ಗುಳ್ಳೆ ನಡುವಿಗೆ ಬರುವ ತನಕ
ಹಿಂದಿನ ಗಾಲಿಗೆ ಹಲಗೆ ಕೊಟ್ಟಳು.
"ಮೊದಲ ತುಂಬೋ ಬಿರಡಿ ಬಿಚ್ಚು, ಆಮ್ಯಾಲೆ ಬಸಿಯೋದು.
ಹೊಟ್ಟಿ ಖಾಲಿ ಮಾಡಿದ ಮ್ಯಾಲೆ
ಬಾಯಿ ತಗೀಲಿಲ್ಲಂದ್ರ ಏನ್ ಮಾಡ್ತಿ?"

ಹಳೆಯದು ಇಳಿಯಿತು.
ಕೆಂಪಗಿರಬೇಕಾದದ್ದು ಕಾಕವಿ ಬಣ್ಣ,
ಮೂರು ದಿನ ಭಜಿ ಕರಿದ ಬಾಣಲೆಯ ವಾಸನೆ.
ತಳದ ಅಯಸ್ಕಾಂತಕ್ಕೆ ಕಾಡಿಗೆಯಷ್ಟು ನುಣ್ಣನೆಯ ಕಬ್ಬಿಣ.
ಬೆರಳಲ್ಲಿ ತಿಕ್ಕಿ, "ಚೂರಿಲ್ಲ. ಬದಕತೈತಿ," ಅಂದ.
ಬಾಟಲಿಗೆ ಸುರಿದು ಅಳೆದಳು ಜೈತೂನ:
ಮೂರು ಲೀಟರು, ಮೇಲೆ ಅರ್ಧ, ಮೇಲೊಂದು ಚಹಾ ಲೋಟ.
ಅಷ್ಟೇ ಹೊಸದು ಒಳಗೆ.
ಮುಗಿಯಿತೇ?
"ಅಷ್ಟು ಹೋತು, ಅದು ಖರೆ. ಇರಬೇಕಾದಷ್ಟು ಇತ್ತೋ ಇಲ್ಲೋ,
ಅದನ್ನ ಯಾರು ಹೇಳಬೇಕು?"

ನನ್ನನ್ನು ಸೀಟಿನಲ್ಲಿ ಕೂರಿಸಿ ಇಬ್ಬರೂ ಗುಂಡಿಗಿಳಿದರು.
"ಇಂಜಿನ್ ಚಾಲೂ ಮಾಡ್ರಿ. ಬ್ರೇಕ್ ಬಿಡಬ್ಯಾಡ್ರಿ.
ನಮ್ಮ ಜೀವ ನಿಮ್ಮ ಬಲಗಾಲಾಗೈತಿ."
ಯಾರೂ ನನ್ನ ಕಾಲಿನ ಬಗ್ಗೆ ಹಾಗೆ ಮಾತಾಡಿರಲಿಲ್ಲ.
ಪಿ. ಆರ್. ಎನ್. ಡಿ. ಒಂದೊಂದಕ್ಕೂ ಐದು ಎಣಿಸಿ
ಮತ್ತೆ ಪಿ.
ಯಂತ್ರದ ಪುಟ್ಟ ಪರದೆ ನನ್ನ ಮಡಿಲಲ್ಲಿ, ಓದಿ ಹೇಳುವುದು ನನ್ನ ಕೆಲಸ.
ಮೂವತ್ತಾರು.
ಮೂವತ್ತೆಂಟು.
ನಲವತ್ತು ಅಂದೆ. ಕೆಳಗೆ ಬಿರಡೆ ಬಿಚ್ಚಿದ ಸದ್ದು.
ಏನೂ ಬೀಳಲಿಲ್ಲ.
"ನೋಡಿದ್ರಿ? ಎಷ್ಟ ವರ್ಷದಿಂದ ಕಡಿಮಿ ಐತೋ."

ಜೈತೂನ ಪಂಪು ಒತ್ತಿದಳು.
ನನಗೆ ಕಾಣುವುದಿಲ್ಲ, ತಗಡಿನ ತಟ್ಟೆ ಹೇಳಬೇಕು.
ಮೊದಲು ಧಾರೆ, ಸುರಿದ ಸದ್ದು.
ಆಮೇಲೆ ಎಳೆ, ಸದ್ದೇ ಇಲ್ಲ.
ಕಾಯುವಾಗ ಗೈಬುಸಾಬ ಗುಂಡಿಯಿಂದಲೇ ಮಾತಾಡಿದ:
"ನಮ್ಮ ಹಳೇ ಗ್ಯಾರೇಜಿನ ಗ್ವಾಡಿ ಮ್ಯಾಲೆ
ಆಫೀಸಿನವ್ರು ಗೀಟ ಹೊಡದು ನಂಬರ ಬರದಿದ್ರು,
ಹಿನ್ನೀರು ಇಲ್ಲೀತನಕ ಅಂತ.
ನಾವ್ಯಾರೂ ನಂಬಲಿಲ್ಲ.
ನೀರು ಓದಿಕೋತ ಬಂತು."

ನಲವತ್ಮೂರು, ಅಂದೆ.
ಟಪ್.
ಸ್ವಲ್ಪ ಹೊತ್ತು.
ಟಪ್.
"ಸಾಕು. ಹೆಚ್ಚಿಂದು ತಾನ ಹೋತು, ಉಳದದ್ದು ಅಳತಿ."
ಹೊಸ ತಾಮ್ರದ ವಾಷರು, ಪಾನಿನ ಒಂದು ಬಿಗಿ ತಿರುವು.

"ಒಳಗ ಅರ್ಧ ಹಳೇದ ಐತ್ರಿ, ಪೂರಾ ಬಸಿಯಾಂಗಿಲ್ಲ.
ದೀಪಾವಳಿ ಮುಂದ ಮತ್ತೊಮ್ಮೆ ತರ್ರಿ."
ಬಿಲ್ಲಿನ ಹಿಂದೆ ಲೀಟರು, ಡಿಗ್ರಿ, ತಾರೀಖು ಬರೆದುಕೊಟ್ಟ.
ಚಹಾಕ್ಕೆ ನಿಲ್ಲಲಿಲ್ಲ ನಾನು.

ಗದ್ದನಕೇರಿ ಕ್ರಾಸಿನ ದಾರಿ, ಬಿಸಿಲಿನ್ನೂ ಹಳದಿ.
ಒಂದು. ಎರಡು.
ಮೂರು ಯಾವಾಗ ಬಂತೋ ತಿಳಿಯಲಿಲ್ಲ.
ಎಡಗಾಲು ಮಾತ್ರ ರೂಢಿಗೆ ಬಿದ್ದು
ಗುದ್ದಿಗಾಗಿ ಬೆರಳು ಮಡಚಿ ಕಾಯುತ್ತಿತ್ತು,
ಕೆರೂರಿನ ತನಕ.