ಎರಡು ಬೆರಳು ದೂರ

"ಪಾಠ ಚಲೋ ಬಂದೈತಿ, ಆದ್ರೆ ನಿಮ್ಮ ಹಿಂದೆ ಯಾರೋ
ಏನೋ ಹುರಿಯಾಕ್ ಹತ್ಯಾರ"
ಎಂದರು ಅಂಧರ ಶಾಲೆಯ ಗಿರಿಜವ್ವ ಮೇಡಂ.

ಹುರಿಯುತ್ತಾರೆ, ಹೌದು. ಮೂವತ್ತೆರಡು ವರ್ಷದಿಂದ.
ನನ್ನ ಕೋಣೆಯ ಕೆಳಗೇ ಭಟ್ಟಿ.
ಉಪ್ಪುನೀರು ಕುಡಿದ ಅಕ್ಕಿ ಕಾದ ಮರಳಿಗೆ ಬಿದ್ದು
ಮಂಡಕ್ಕಿಯಾಗುವುದು ಕಣ್ಣೆವೆ ಬಡಿವಷ್ಟರಲ್ಲಿ,
ಅಷ್ಟಕ್ಕೇ ಎಷ್ಟೊಂದು ಗದ್ದಲ:
ಹೊಟ್ಟು ಊದುವ ಫ್ಯಾನು, ಜರಡಿ,
ರಿವರ್ಸ್ ಬರುವ ಲಗೇಜ್ ಆಟೋ,
ಹೊಗೆಗೆ ಒಗ್ಗಿಯೂ ಒಗ್ಗದ ಅಬ್ಬಾನ ಕೆಮ್ಮು.
ಇದರ ಮೇಲೆ ಕೂತು ನಾನು ಓದಬೇಕು
ಹತ್ತನೇ ತರಗತಿಯ ವಿಜ್ಞಾನ,
ಬೆಳಕಿನ ಪಾಠ.

ಮಂಡಿಪೇಟೆಯಲ್ಲಿ ಕೊಟ್ರೇಶಿಯ ಅಂಗಡಿ.
ಗಾಜಿನ ಮೇಲೆ ಮೂರು ಮೈಕು ಮಲಗಿಸಿದ.
ಮೊದಲನೆಯದಕ್ಕೆ ಹೆಡ್‌ಫೋನು ಸಿಕ್ಕಿಸಿ ನನ್ನ ಕಿವಿಗಿಟ್ಟ.
ಅಯ್ಯೋ, ಗೋಡೆಯಾಚೆ ಹೋಟೆಲಿನಲ್ಲಿ
ದೋಸೆಕಲ್ಲು ಕೆರೆಯುವ ಸೌಟು,
ಚಹಾ ಹುಡುಗನ ಚಪ್ಪಲಿ,
ನಾನೇ ಎಂಜಲು ನುಂಗಿದ್ದು.
"ಇದು ಎಲ್ಲಾ ಕೇಳಿಸ್ಕೊಳ್ತತಿ ಜಬೀನಕ್ಕ,
ಸುಮ್ಮನಿರೋ ಮನೆಗೆ ಇದರಷ್ಟು ಒಳ್ಳೇದಿಲ್ಲ.
ನಿಮ್ಮನೆಗೆ ಇದು ಚಾಡಿಕೋರ."

ಎರಡನೆಯದು ಕೊರಳಪಟ್ಟಿಗೆ ಕಚ್ಚುವ ಹುಳ.
ನನ್ನ ದುಪಟ್ಟಾದ ಪಿಸುಮಾತನ್ನೇ
ಪಾಠವೆಂದು ಬರೆದುಕೊಂಡಿತು.

ಕಂಪ್ಯೂಟರೇ ಸದ್ದು ಅಳಿಸುವುದಂತಲ್ಲ, ಎಂದೆ.
"ಅಳಿಸ್ತತಿ. ಜೊತೆಗೆ ನಿಮ್ಮ ಸ, ಶ, ಷನೂ
ನೆಕ್ಕಿಬಿಡ್ತತಿ. ಜರಡಿ ಹಿಡಿಯೋರ ಮಗಳಲ್ಲೇನು,
ಕಣ್ಣು ದೊಡ್ಡದಾದ್ರೆ ಕಾಳೂ ಹೋಗ್ತತಿ."

ಮೂರನೆಯದು ಕಲಬತ್ತಿನ ಗುಂಡಿನಂತೆ ತೂಕ.
ಮಂಕು ಬಣ್ಣ, ಮಂದ ಕಿವಿ.
"ಬಾಯಿ ಹತ್ರ ತಂದೋರ್ದು ಮಾತ್ರ ಕೇಳ್ತತಿ.
ಎರಡು ಬೆರಳು. ಅದಕ್ಕಿಂತ ಹಿಂದೆ ಸರಿದ್ರಿ,
ನೀವೂ ಇಲ್ಲ, ನಿಮ್ಮ ಭಟ್ಟಿನೂ ಇಲ್ಲ."
ಎರಡು ಸಾವಿರದ ನಾಲ್ಕುನೂರು ಅಂದ.
ಹಗ್ಗಜಗ್ಗಾಟದಲ್ಲಿ ಇನ್ನೂರೈವತ್ತು ಇಳಿಯಿತು,
ಸ್ಟ್ಯಾಂಡಿನದು ಬೇರೆ ಎಂದಾಗ ಮತ್ತೆ ನೂರು ಏರಿತು.

ರಾತ್ರಿ ಮಂಚದ ಮೇಲೆ, ಸಕ್ಕರೆ ಡಬ್ಬಿಗೆ ಒರಗಿಸಿ
(ಸ್ಟ್ಯಾಂಡು ಕೊಳ್ಳಲಿಲ್ಲ)
ಓದಿದೆ: ಪ್ರತಿಫಲನ.
ಫ ಎಂಬಲ್ಲಿ ಯಾರೋ ಚೀಲ ಒಗೆದ ಸದ್ದು.
ವಕ್ರೀಭವನ.
ಭ ಎಂಬಲ್ಲಿ ಕಪಾಳಮೋಕ್ಷ.

ನಾಲ್ಕನೇ ಇಯತ್ತೆಯಲ್ಲಿ ಮರುಳಪ್ಪ ಮೇಷ್ಟ್ರು
ನನ್ನ ಅಂಗೈಯನ್ನು ನನ್ನದೇ ಬಾಯಿಗೆ ಅಡ್ಡ ಹಿಡಿಸಿದ್ದರು:
"ಬ ಅನ್ನು. ಈಗ ಭ ಅನ್ನು. ಗಾಳಿ ತಾಗಿತಾ?
ತಾಗಿದರೆ ಮಹಾಪ್ರಾಣ."
ಉರ್ದು ಮನೆಯ ಹುಡುಗಿ, ಒಂದು ವಾರ
ಅಂಗೈಗೆ ಊದಿ ಊದಿ ಕಲಿತೆ.
ಈಗ ಈ ಮಂದಕಿವುಡ ಹೇಳುತ್ತಾನೆ,
ಅಕ್ಷರ ಕೊಡು, ಗಾಳಿ ಕೊಡಬೇಡ.

ಅಮ್ಮಿ ಕಸೂತಿಯ ಬಳೆ ತಂದಳು,
ಹಳೆಯ ಕಾಲುಚೀಲ ಬಿಗಿದಳು, ಎದುರಿಗಿಟ್ಟಳು.
"ಇಡೀ ಓಣಿ ಬಟ್ಟಿ ಅಂತತಿ,
ಯಾರಿಗೆ ಏನು ಕಡಿಮೆ ಆಗೈತಿ?" ಅಂದಳು,
ಮಲಗಲು ಹೋದಳು.
ಮೈಕನ್ನು ಒಂಚೂರು ಓರೆಗೆ ತಿರುಗಿಸಿದೆ.
ಫ ಬಂತು. ಭ ಬಂತು.
ತಮ್ಮ ಉಸಿರನ್ನು ಚೀಲದಲ್ಲಿ ಬಿಟ್ಟು,
ಚಪ್ಪಲಿ ಹೊರಗೆ ಬಿಟ್ಟವರ ಹಾಗೆ.

ಕೇಳಿದೆ. ಹೆಂಗಸೊಬ್ಬಳು ಬೆಳಕು ಓದುತ್ತಿದ್ದಾಳೆ.
ಅವಳಿಗೆ ಮಹಡಿಯಿಲ್ಲ, ಕೆಳಗೆ ಬೆಂಕಿಯಿಲ್ಲ.
ಹದಿನಾಲ್ಕನೇ ನಿಮಿಷ, ಪುಟ ತಿರುಗಿಸಲು
ನಾನು ತುಸು ಹಿಂದೆ ಸರಿದಲ್ಲಿ ಮಾತ್ರ
ದೂರದ ಚಟಪಟ, ಒಂದು ಕೆಮ್ಮು.
ಕತ್ತರಿಸಲು ಕರ್ಸರ್ ಒಯ್ದೆ.
ಅಷ್ಟರಲ್ಲಿ ಬಾಂಗ್ ಆಯಿತು, ಕಳಿಸಿಬಿಟ್ಟೆ.

ಶನಿವಾರ ಗಿರಿಜವ್ವ ಮೇಡಂ ಫೋನು:
"ಈಗ ಬಾಳ ಸ್ಪಷ್ಟ ಐತ್ರಿ.
ಹುಡುಗ್ರು ಮಾತ್ರ ಕೇಳ್ತವು,
ಮಂಡಕ್ಕಿ ಟೀಚರು ಬಿಟ್ಟು ಹೋದ್ರಾ, ಇವರ‍್ಯಾರು ಅಂತ.
ಒಬ್ಬಾಕಿ ಹೇಳಿದ್ಲು, ಇಲ್ಲ, ಅವರೇ,
ನಡುವೆ ಒಂದ್ಸಲ ಕೆಮ್ಮಿದ್ರಲ್ಲ, ಅವರಪ್ಪ."

ಮುಂದಿನ ಪಾಠ ವಿದ್ಯುಚ್ಛಕ್ತಿ.
ಒತ್ತಿನೊಳಗೊಂದು ಛ ಕಾದು ಕೂತಿದೆ.