ಎಡಗಡೆಯ ನೆರಿಗೆ

ಅರಗಾದ ನೇವಿ ಕ್ವಾರ್ಟರ್ಸಿನಿಂದ ಬಂದ ಬರುವಾ ಮೇಡಂ
ನುಸಿಗುಳಿಗೆ ವಾಸನೆಯ ಮೂರು ಮೀಟರ್ ರೇಷ್ಮೆಯನ್ನು
ನನ್ನ ಮಿಶನ್ನಿನ ಮೇಲೆ ಹರವಿದಳು.
ನಾಲ್ಕು ದಿಂಬಿನ ಗವಸು,
ಉಳಿದರೆ ಮಲಗುವಾಗ ಕಣ್ಣಿಗೊಂದು ಪಟ್ಟಿ.

ಯಾರ ಮದುವೆ? ಕೇಳಿದೆ ಹರಕು ಹಿಂದಿಯಲ್ಲಿ.
ಮದುವೆಯಲ್ಲವಂತೆ.
ಹತ್ತಿ ಬಟ್ಟೆ ಮುಖದ ತೊಗಲನ್ನು ಜಗ್ಗುತ್ತದಂತೆ,
ರಾತ್ರಿಯಿಡೀ ಒಂದೇ ಮಗ್ಗುಲಲ್ಲಿ ಬಿದ್ದುಕೊಂಡರೆ
ಕಣ್ಣಂಚು ಮಡಚಿ, ಮಡಚಿ,
ಒಂದು ದಿನ ಮಡಚಿದಲ್ಲೇ ನಿಂತುಬಿಡುತ್ತದಂತೆ.
ರೇಷ್ಮೆಯಾದರೆ ಜಾರುತ್ತದೆ. ಹಟ ಹಿಡಿಯುವುದಿಲ್ಲ.

ನನಗೆ ನೆರಿಗೆಯ ಪಾಠ!
ಕೋಡಿಬಾಗ ರಸ್ತೆಯ ಈ ಖೋಲಿಯಲ್ಲಿ ಇಪ್ಪತ್ತೆರಡು ವರ್ಷ
ಪರಕರಕ್ಕೆ, ಕಾನ್ವೆಂಟಿನ ನೀಲಿ ಸ್ಕರ್ಟಿಗೆ
ಉಗುರಲ್ಲಿ ಗೀರಿ, ನೀರು ಚಿಮುಕಿಸಿ, ಇಸ್ತ್ರಿ ಒತ್ತಿದವಳಿಗೆ.
ಬೇಕೆಂದದ್ದು ಒಂದು ತೊಳೆತಕ್ಕೆ ಹೋಗುತ್ತದೆ,
ಬೇಡದ್ದು ಬಟ್ಟೆ ಹರಿದರೂ ಉಳಿಯುತ್ತದೆ,
ಇನ್ನೇನಿದೆ ಈ ಕಸುಬಿನಲ್ಲಿ ಕಲಿಯಲಿಕ್ಕೆ?

ಆದರೂ ಅವಳ ಸ್ಕೂಟರಿನ ಸದ್ದು ತಿರುವು ದಾಟಿದ್ದೇ
ಗಿರಾಕಿಗಳ ಕನ್ನಡಿಯ ಮುಂದೆ ನಿಂತೆ.
ಬಲಗಣ್ಣಿನ ಬದಿಗೆ ಒಂದೂವರೆ ಗೆರೆ.
ಎಡಕ್ಕೆ ನಾಲ್ಕು.
ಮತ್ತೆ ಎಣಿಸಿದೆ, ಟ್ಯೂಬ್‌ಲೈಟ್ ಹಾಕಿ. ನಾಲ್ಕೇ.
ಒಂದೇ ಮುಖದ ಎರಡು ತೋಳು ಅಳತೆ ತಪ್ಪಿದ ಹಾಗೆ.

ಬಿಸಿಲೇ? ಬಿಸಿಲು ಎರಡೂ ಕಡೆ ಬೀಳುತ್ತದೆ.
ಸೂಜಿಗೆ ನೂಲು ಪೋಣಿಸುವಾಗ ಕಿರಿದು ಮಾಡುವುದು ಬಲಗಣ್ಣು.
ಮಧ್ಯಾಹ್ನ ಊಟಕ್ಕೆ ಬಾಂಗಡೆಯ ಮುಳ್ಳು ಬಿಡಿಸುತ್ತಿದ್ದಾಗ
ಹೊಳೆಯಿತು.

ಸಣ್ಣವಳಿದ್ದಾಗ ಜ್ವರ ಬಂದು ನನ್ನ ಎಡಗಿವಿ ಅರ್ಧ ಮುಚ್ಚಿತು.
ಅಲ್ಲಿಂದ ಮುಂದೆ ಚಂದ್ರಹಾಸನ ಗೊರಕೆ ಬಾಧಿಸಲಿಲ್ಲ, ಅದೊಂದು ಲಾಭ.
ಸಾನಿಕಾ ಹುಟ್ಟಿ ಎಂಟನೆಯ ತಿಂಗಳಿಗೆ ದಮ್ಮು.
ಅವಳ ಎದೆಯಲ್ಲಿ ಯಾರೋ ಸಣ್ಣಗೆ ಪೀಪಿ ಊದಿದಂತೆ,
ಯಾವ ಹೊತ್ತಿಗೆ ಶುರುವಾಗುತ್ತದೋ ಹೇಳಲಾಗದು.
ಆಗಿನಿಂದ ನಾನು ಮಲಗಿದ್ದೆಲ್ಲ
ಕೆಟ್ಟ ಕಿವಿಯನ್ನು ಬೂರುಗದ ದಿಂಬಿಗೆ ಒತ್ತಿ,
ಒಳ್ಳೆಯ ಕಿವಿಯನ್ನು ಕತ್ತಲಿಗೆ ತೆರೆದು.

ಬೇಲೆಯಿಂದ ಅಲೆ ಕೇಳುತ್ತಿತ್ತು. ಅದಲ್ಲ.
ಮಂಗಳೂರಿನ ಗಾಡಿ ಹೋಗುತ್ತಿತ್ತು. ಅದಲ್ಲ.
ಪೀಪಿ.
ಎದ್ದು, ಬಿಸಿನೀರು, ಪಂಪು, ಬೆನ್ನು ತಟ್ಟುವುದು,
ಮತ್ತೆ ಅದೇ ಮಗ್ಗುಲು.

ಈಗ ಅವಳಿಗೆ ಹದಿನಾರು. ಪೀಪಿ ನಿಂತು ಐದು ವರ್ಷ.
ಬೇರೆ ಕೋಣೆ, ಒಳಗಿನಿಂದ ಚಿಲಕ.
ನನ್ನ ಕಿವಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿಲ್ಲ.

ಗವಸು ಹೊಲಿದೆ. ಒಳ್ಳೆಯ ರೇಷ್ಮೆ, ಅವಳ ಊರಿನದು,
ಸೂಜಿಯ ಕೆಳಗೆ ನಿಲ್ಲದೆ ಮೀನಿನಂತೆ ನುಣುಚುವಂಥದ್ದು.
ಕಣ್ಣುಪಟ್ಟಿಗೆ ಲಾಡಿ ಹಾಕಿ ಅಳತೆಗೆಂದು ನಾನೇ ಕಟ್ಟಿಕೊಂಡೆ.
ಕತ್ತಲಾದದ್ದೇ ತಡ
ಬೀದಿಯೆಲ್ಲ ಬಲಗಿವಿಯೊಳಗೆ ನುಗ್ಗಿತು:
ಸೈಕಲ್ಲಿನ ಬ್ರೇಕು, ಪಕ್ಕದ ಮನೆಯ ಮಿಕ್ಸರು,
ಯಾರದೋ ಕೂಸು, ಕೆಮ್ಮು.
ಎದ್ದು ನಿಂತಿದ್ದೆ, ಪಟ್ಟಿ ಬಿಚ್ಚುವ ಮೊದಲೇ.

ಆ ರಾತ್ರಿ ಹಟಕ್ಕೆ ಬಲಮಗ್ಗುಲಾದೆ.
ಜಗತ್ತು ಹತ್ತಿಯಲ್ಲಿ ಹೂತುಹೋಯಿತು.
ಎಂಥ ನಿದ್ದೆ! ಹಾಲಿನವನು ಗೇಟು ಬಡಿದು ಬಡಿದು ಹೋಗಿದ್ದ.
ಎದ್ದವಳೇ ಅವಳ ಕೋಣೆಗೆ ಓಡಿ ಬಾಗಿಲು ಬಡಿದೆ.
ಹಲ್ಲುಜ್ಜುತ್ತ ಹೊರಬಂದಳು, ಬಾಯ್ತುಂಬ ನೊರೆ,
ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿದಳು.
ಏನಿಲ್ಲ ಅಂದೆ.

ಶನಿವಾರ ಗವಸು ಕೊಟ್ಟೆ, ಮಜೂರಿ ಇನ್ನೂರೈವತ್ತು.
ಬರುವಾ ಮೇಡಂ ದುಡ್ಡು ಎಣಿಸುತ್ತ
ನನ್ನ ಎಡಗಣ್ಣನ್ನು ನೋಡಿದಳು, ನೋಡದ ಹಾಗೆ ಮಾಡಿದಳು.
ಉಳಿದ ತುಂಡು ನೀನೇ ಇಟ್ಟುಕೋ ಅಂದಳು.

ಅಂಗೈಯಗಲ.
ನನ್ನ ದಿಂಬಿನ ಹಳೆಯ ಗವಸಿಗೆ,
ಕೊಬ್ಬರಿ ಎಣ್ಣೆ ಕುಡಿದು ಹಳದಿಯಾದ ಕಡೆ,
ಅಂಚು ಮಡಚಿ ಕೈಹೊಲಿಗೆ ಹಾಕಿದೆ.
ಮಗ್ಗುಲು ಅದೇ. ಕಣ್ಣಿನ ಜಾಗಕ್ಕೆ ಮಾತ್ರ ರೇಷ್ಮೆ.

ಅಮ್ಮಾ, ಇದಕ್ಕೆ ಯಾಕೆ ತೇಪೆ?
ಹರಿದಿತ್ತು ಅಂದೆ.
ಎಲ್ಲಿ?
ಸಾನಿಕಾ ಗವಸನ್ನು ಒಳಗುಹೊರಗು ಮಾಡಿ
ಬೆಳಕಿಗೆ ಹಿಡಿದು ಹುಡುಕುತ್ತಿದ್ದಾಳೆ.