ಮೇನಖ್

ದೇರಣ್ಣ ಮೂವತ್ತೊಂದು ವರ್ಷ ಹಡಗಿನಲ್ಲಿ ಭಂಡಾರಿ.
ಈಗ ಕೊಯಿಪ್ಪಾಡಿಯ ನಮ್ಮ ಶಾಲೆಯ ಪಾಗಾರದ ನೆರಳಲ್ಲಿ ಕೂತು
ಬಲೆಯ ಹರಿದ ಕಣ್ಣು ಕಟ್ಟುತ್ತಾರೆ.
ಒಳಗೆ ನಾನು: ಏಕವಚನ, ಬಹುವಚನ.
ಮರ, ಮರಗಳು. ದೋಣಿ, ದೋಣಿಗಳು.
ಕಿಟಕಿಯ ಸರಳಿನಾಚೆಯಿಂದ ಅವರು:
"ಟೀಚರೇ, ಡಚ್ಚರಲ್ಲಿ ಒಂದು ಶಬ್ದ ಉಂಟು."

ಮೇನಖ್.
ಶುರುವಿಗೆ ಮೀನಿನ ಹಾಗೆ ಜಾರುತ್ತದೆ,
ಕೊನೆಗೆ ಗಂಟಲಲ್ಲಿ ಮುಳ್ಳು.
ಮಕ್ಕಳು ಹೇಳಿ ಹೇಳಿ ಕೆಮ್ಮಿದರು.

ಅರ್ಥ: ಹಲವು.
ಆದರೆ ಮುಂದೆ ಬರುವ ನಾಮಪದಕ್ಕೆ ಬಾಲ ಕಟ್ಟುವ ಹಾಗಿಲ್ಲ,
ಕ್ರಿಯಾಪದವೂ ಒಬ್ಬನಿಗೇ.
ಹಲವು ನಾವಿಕ ಹೋದ.
ಹಲವು ನಾವಿಕ ಬರಲಿಲ್ಲ.
"ತಪ್ಪಲ್ವಾ ಟೀಚರ್?" ಮುಂದಿನ ಬೆಂಚಿನ ಮಿಸ್ರಿಯಾ.
ತಪ್ಪು, ಅಂದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು.

ರೋಟರ್‌ಡ್ಯಾಮಿನ ಧಕ್ಕೆಯಲ್ಲಿ
ಕ್ರೇನಿನ ಯಾಪ್ ಕಲಿಸಿದ್ದಂತೆ, ಒಂದು ತಟ್ಟೆ ಮೀನುಸಾರಿಗೆ ಬದಲು.
ಸಂತೆಯ ಆಲೂಗಡ್ಡೆಗೆ ಇದು ಬೇಡ, ಅಲ್ಲಿ 'ಫೇಲ್' ಸಾಕು.
ಫೇಲ್ ಅಂದರೆ ಬಹಳ.
(ಹಿಂದಿನ ಬೆಂಚು ನಕ್ಕಿತು. ಸುಕೇಶ ಎದ್ದು ನಮಸ್ಕರಿಸಿದ.)
ಮೇನಖ್ ಪೆಟ್ಟಿಗೆಯ ಅಡಿಯ ಹಳೇ ಕೋಟು,
ಭಾಷಣಕ್ಕೆ, ಕಲ್ಲಿನ ಬರಹಕ್ಕೆ, ಸತ್ತವರ ಮನೆಗೆ.

ನಗುವುದೇನು, ನಮ್ಮಲ್ಲೂ ಹಾಗೇ.
ಕುಂಬಳೆ ಪೇಟೆಯಲ್ಲಿ ಮೀನು 'ಕೊರೇ ಇಂಡ್' ಅಂದರೆ
ಬುಟ್ಟಿ ತುಂಬಿ ಚೆಲ್ಲಿದೆ ಎಂದು;
ಅದೇ ಕೊರೆ ಗಡಿಯೀಚೆಗೆ, ನನ್ನ ನಾಲಿಗೆಯಲ್ಲಿ,
ಖಾಲಿ ಬುಟ್ಟಿ.
ಮದುವೆಯಾಗಿ ಬಂದ ಹೊಸತರಲ್ಲಿ
ಎಷ್ಟು ಸಲ ಬರಿಗೈಯಲ್ಲಿ ಮರಳಿದ್ದೇನೆ
ಮೀನಿನ ರಾಶಿಯ ಎದುರಿನಿಂದ!
ತುಳುವಿನ 'ಮಸ್ತ್' ಒಂದನ್ನು ನಂಬಬಹುದು.

ದೇರಣ್ಣ ಹಲ್ಲಿನಿಂದ ನೂಲು ಕಡಿದರು.
"ನನ್ನ ತಮ್ಮ ಐತ ಹೋದದ್ದು ತೂಫಾನಿನ ವರ್ಷ.
ನಾನು ಆಗ ಎಲ್ಲಿಯೋ ನೀರಿನ ಮೇಲೆ.
ಪೇಪರಿನಲ್ಲಿ ಬಂದಿತ್ತಂತೆ: ಹಲವರು ನಾಪತ್ತೆ.
ಪೋಸ್ಟ್‌ಮ್ಯಾನ್ ಓದಿದ.
ಅಮ್ಮನಿಗೆ ಅಕ್ಷರ ಬಾರದು.
ಇದರಲ್ಲಿ ಐತ ಯಾವುದು ಅಂತ ಕೇಳಿದಳಂತೆ,
ಹ-ದ ಮೇಲೆ, ಲ-ದ ಮೇಲೆ,
ಒಂದೊಂದರ ಮೇಲೂ ಬೆರಳಿಟ್ಟು."

ಬೆಲ್ಲು ಹೊಡೆಯಿತು. ಯಾರೂ ಏಳಲಿಲ್ಲ ಎಂದರೆ ಸುಳ್ಳು,
ಮಕ್ಕಳಲ್ಲವೇ, ಗಂಜಿಗೆ ಓಡಿದವು.

ಪರೀಕ್ಷೆಯಲ್ಲಿ ಒಬ್ಬ ಬರೆದಿದ್ದ:
ಹಲವು ಮೀನುಗಾರ ಕಡಲಿಗೆ ಹೋದ.
ಸುಕೇಶನದೇ ಕೈಬರಹ. ಅವನ ಅಪ್ಪನೂ ದೋಣಿಯವನು.
ತಿಳಿದು ಬರೆದನೋ, ತಿಳಿಯದೆಯೋ.
ಪೆನ್ನು ಎತ್ತಿದೆ, ಇಳಿಸಿದೆ,
ಅರ್ಧ ಅಂಕ ಕೊಟ್ಟೆ.

ಮರುದಿನ ಮಿಸ್ರಿಯಾ ಜಗಳಕ್ಕೆ ಬಂದಳು.